ಬಿತ್ತಿದವರ ಪಾಲು



ಗೆಲುವು ಯಾರದು? ಗೆದ್ದವರದೇ ಎಂದು ನೀವು ತಟ್ಟನೆ ಉತ್ತರಿಸಬಹುದು. ಗೋವಿಂದರಾಜನಗರದ ಅಡ್ಡರಸ್ತೆಗಳಲ್ಲಿ ಸಂಜೆಯ ಹೊತ್ತು ಎರಡು ಇಟ್ಟಿಗೆಗಳನ್ನೇ ಗೋಲುಕಂಬವಾಗಿಸಿಕೊಂಡು ಕಾಲ್ಚೆಂಡು ಆಡುವ ಮಕ್ಕಳೂ ಹಾಗೆಯೇ ಹೇಳುತ್ತಾರೆ. ಆದರೆ ಅದೇ ಆಟದ ಒಂದು ಪ್ರಸಂಗ ನನ್ನನ್ನು ಈ ಪ್ರಶ್ನೆಯ ಮುಂದೆ ಬಹಳ ದಿನ ನಿಲ್ಲಿಸಿತು.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯ ನಡೆಯಿತು. 1941ರಲ್ಲಿ ಆರಂಭವಾದ, ರಾಜ್ಯ ತಂಡಗಳ ಈ ರಾಷ್ಟ್ರೀಯ ಪಂದ್ಯಾವಳಿಯ ಅಂತಿಮ ಹಣಾಹಣಿ ವಿದೇಶದಲ್ಲಿ ನಡೆದದ್ದು ಅದೇ ಮೊದಲು. ಸುನಿಲ್ ಕುಮಾರ್, ಬೇಕೆ ಓರಂ ಮತ್ತು ರಾಬಿನ್ ಯಾದವ್ ಗಳಿಸಿದ ಗೋಲುಗಳಿಂದ ಕರ್ನಾಟಕವು ಮೇಘಾಲಯವನ್ನು 3-2ರಿಂದ ಮಣಿಸಿತು. ಅದಕ್ಕೂ ಹಿಂದೆ ಈ ಟ್ರೋಫಿ ನಮ್ಮ ನಾಡಿಗೆ ಒಲಿದದ್ದು 1968-69ರಲ್ಲಿ. ಆಗ ರಾಜ್ಯದ ಹೆಸರು ಮೈಸೂರು. 1973ರಲ್ಲಿ ಕರ್ನಾಟಕವೆಂದು ಹೆಸರಾದ ಬಳಿಕ ಆ ಹೆಸರಿನಲ್ಲಿ ದೊರೆತ ಮೊದಲ ಪ್ರಶಸ್ತಿ ಇದು. ನಡುವೆ ಕಳೆದ ವರ್ಷಗಳು 54.

ಪತ್ರಿಕೆಗಳು ಗೆದ್ದವರ ಚಿತ್ರಗಳನ್ನು ಪ್ರಕಟಿಸಿದವು, ಅದು ನ್ಯಾಯವೇ. ಆದರೆ ನನ್ನ ಮನಸ್ಸು ಆ 54 ವರ್ಷಗಳ ಕಡೆಗೆ ಹರಿಯಿತು. ಆ ಅವಧಿಯಲ್ಲಿ ಎಷ್ಟು ಹುಡುಗರು ಮುಂಜಾನೆ ಎದ್ದು ಮೈದಾನಕ್ಕೆ ಓಡಿರಬೇಕು! 1975-76ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿದವರು ಬಂಗಾಳಕ್ಕೆ ಸೋತು ಬಂದರು. 2022ರ ಏಪ್ರಿಲ್‌ನ ಸೆಮಿಫೈನಲ್‌ನಲ್ಲಿ ಕೇರಳ ನಮ್ಮ ತಂಡದ ವಿರುದ್ಧ ಏಳು ಗೋಲು ಹೊಡೆಯಿತು. ನಾವು ಹೊಡೆದದ್ದು ಮೂರು. ಇವರೆಲ್ಲರ ಬೆವರು ವ್ಯರ್ಥವಾಯಿತೇ?

ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಒಬ್ಬ ತಾಯಿ. ಹಲವು ವರ್ಷಗಳ ಹಿಂದೆ, ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ, ಒಂದು ಭಾನುವಾರ ಬಲಿಪೂಜೆಯ ಕೊನೆಗೆ ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ಬಲಿಪೀಠದ ಮುಂದೆ ಕರೆದು ಶಾಲು ಹೊದಿಸಿದೆ. ಚಪ್ಪಾಳೆಯೂ ಆಯಿತು. ಎಲ್ಲರೂ ಹೊರಟ ಮೇಲೆ ಆ ತಾಯಿ ಬಾಗಿಲ ಬಳಿ ಉಳಿದಿದ್ದರು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡಿ ಮಗನನ್ನು ಓದಿಸುತ್ತಿದ್ದವರು. "ಫಾದರ್, ನನ್ನ ಮಗ ಗಣಿತದಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದ. ಮೂವತ್ತೈದು ನಂಬರು. ಅಂಥವರನ್ನೂ ಮುಂದಕ್ಕೆ ಕರೆಯೋ ದಿನ ಬರುತ್ತಾ?" ಎಂದರು. ಮುಂದಿನ ವರ್ಷ ನೋಡೋಣಮ್ಮ ಎಂದು ಏನೋ ಹೇಳಿ ಒಳಗೆ ಹೋದೆ. ಮುಂದಿನ ವರ್ಷ ಬರುವ ಮೊದಲೇ ನನಗೆ ವರ್ಗವಾಯಿತು. ಆ ಹುಡುಗನಿಗೆ ನಾನು ಇಂದಿಗೂ ಸಾಲಗಾರ.

ಪವಿತ್ರ ಗ್ರಂಥ ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. ಸಂತ ಯೊವಾನ್ನರ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ, ಸಮಾರಿಯದ ಬಾವಿಯ ಬಳಿ, ಪ್ರಭು ಯೇಸು ಶಿಷ್ಯರಿಗೆ ಬಿತ್ತುವವನ ಮತ್ತು ಕೊಯ್ಯುವವನ ಮಾತನ್ನು ಹೇಳುತ್ತಾರೆ. ತಾವು ದುಡಿಯದ ಹೊಲದಲ್ಲಿ ಶಿಷ್ಯರು ಕೊಯ್ಲು ಮಾಡಲಿದ್ದಾರೆ. ಆದರೆ ಸಂತೋಷ ಇಬ್ಬರಿಗೂ ಸೇರಿದ್ದು. ಹಾಗಾದರೆ ರಿಯಾದಿನ ಸಂತೋಷದಲ್ಲಿ ಹಿಂದೆ ಸೋತವರಿಗೂ ಪಾಲುಂಟು.

ಇಲ್ಲಿ ನೀವು ಒಂದು ಆಕ್ಷೇಪವೆತ್ತಬಹುದು. ಒಂದು ವೇಳೆ 2023ರಲ್ಲಿಯೂ ಕರ್ನಾಟಕ ಸೋತಿದ್ದರೆ? ಕೊಯ್ಲೇ ಬಾರದಿದ್ದರೆ ಬಿತ್ತಿದವರ ಗತಿಯೇನು? ಆಕ್ಷೇಪ ನಿಜವಾದದ್ದು. ನಂತರ ಯಾರೋ ಗೆದ್ದರೆಂಬ ಕಾರಣಕ್ಕೆ ಮಾತ್ರ ಹಿಂದಿನವರ ದುಡಿಮೆಗೆ ಬೆಲೆ ಕಟ್ಟಿದರೆ ನಾವು ಮತ್ತೆ ಗೆಲುವನ್ನೇ ಅಳತೆಗೋಲಾಗಿ ಹಿಡಿದಂತಾಯಿತು. ಮೋಶೆಯನ್ನು ನೆನೆಯಿರಿ. ನಲವತ್ತು ವರ್ಷ ಜನರನ್ನು ನಡೆಸಿದಾತ ನೆಬೋ ಬೆಟ್ಟದ ಮೇಲಿಂದ ವಾಗ್ದತ್ತ ನಾಡನ್ನು ಕಣ್ಣಾರೆ ಕಂಡ, ಕಾಲಿಡಲಿಲ್ಲ. ಆತನ ಸಮಾಧಿ ಎಲ್ಲಿದೆಯೆಂದೂ ಯಾರಿಗೂ ತಿಳಿಯದು. ಆದರೆ ಧರ್ಮೋಪದೇಶಕಾಂಡವು ಮುಗಿಯುವುದು ಆತ ತಲುಪದ ನಾಡನ್ನು ಎಣಿಸಿ ಅಲ್ಲ. ದೇವರು ಮುಖಾಮುಖಿಯಾಗಿ ಬಲ್ಲ ಮನುಷ್ಯನೆಂದು ಆತನನ್ನು ನೆನೆದು. ಮನುಷ್ಯನ ಶ್ರಮದ ಬೆಲೆಯನ್ನು ಫಲಿತಾಂಶಕ್ಕಿಂತ ಮೊದಲೇ ದೇವರು ಬಲ್ಲರು.

ಹಾಗೆಂದು ಸೋಲೂ ಗೆಲುವೂ ಒಂದೇ ಎಂದು ಮಕ್ಕಳಿಗೆ ಹೇಳಬೇಡಿ, ಅವರು ನಂಬುವುದಿಲ್ಲ. ಸಂತ ಪೌಲರೇ ಕೊರಿಂಥದವರಿಗೆ ಬರೆಯುವಾಗ ಬಹುಮಾನ ಪಡೆಯುವಂತೆ ಓಡಿರೆಂದು ಹುರಿದುಂಬಿಸುತ್ತಾರೆ. ಬಾಡಿಹೋಗುವ ಕಿರೀಟಕ್ಕಾಗಿ ಓಟಗಾರರು ಎಷ್ಟೊಂದು ಸಂಯಮ ಪಾಲಿಸುತ್ತಾರೆಂದು ಮೆಚ್ಚುತ್ತಾರೆ. ಗೆಲ್ಲಲು ಶ್ರಮಿಸುವುದು ಕರ್ತವ್ಯ. ಗೆಲ್ಲದವನನ್ನು ಮರೆಯುವುದು ಅಧರ್ಮ. ಅಂದು ಮೊತ್ತಮೊದಲ ಬಾರಿಗೆ ಅಂತಿಮ ಪಂದ್ಯ ತಲುಪಿದ್ದ ಮೇಘಾಲಯದ ಹುಡುಗರೂ ಕಣ್ಣೀರಿನಿಂದ ಬಿತ್ತಿದವರೇ ಅಲ್ಲವೇ?

ಪರೀಕ್ಷೆಯ ಫಲಿತಾಂಶಗಳು ವರ್ಷ ವರ್ಷವೂ ನಿಮ್ಮ ಮನೆಗೆ ಬರುತ್ತವೆ. ಆ ಸಂಜೆ ಅಂಕ ಎಷ್ಟೆಂದು ಕೇಳುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಬಡಿಸಿ. ನಿಮ್ಮ ಧರ್ಮಕೇಂದ್ರದಲ್ಲಿ ಸನ್ಮಾನದ ಪಟ್ಟಿ ಸಿದ್ಧವಾಗುವಾಗ, ಮೂರನೆಯ ಸಲ ಪಾಸಾದವನ ಹೆಸರನ್ನೂ ಸೇರಿಸುವಂತೆ ನಿಮ್ಮ ಗುರುಗಳಿಗೆ ನೆನಪಿಸಿ. ನಮಗೂ ಕೆಲವೊಮ್ಮೆ ಮರೆತುಹೋಗುತ್ತದೆ.