ಅಮಾನತಿನಲ್ಲಿಟ್ಟ ತಟ್ಟೆ

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಒಂದು ತಟ್ಟೆಯಿತ್ತು. ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕೈಯಿಂದ ಮಾಡಿದ್ದು. ಕಂದು ಮಣ್ಣಿನ ಮೇಲೆ ಬೂದಿ ಬಣ್ಣದ ಮೆರುಗು, ಹಿಂಬದಿಯಲ್ಲಿ ಪುಟ್ಟದೊಂದು ಮುದ್ರೆ. ಮಿತ್ರರೊಬ್ಬರು ಅದನ್ನು ಕೊಟ್ಟು ಇಪ್ಪತ್ತು ವರ್ಷಗಳಾಗಿದ್ದವು. ಹಳೆಯದಾದಷ್ಟೂ ಇಂಥವಕ್ಕೆ ಬೆಲೆ ಏರುತ್ತದೆ, ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ ಎಂದು ಅವರು ಹೇಳಿದ್ದರು. ಅಷ್ಟು ಸಾಕಾಯಿತು. ಅದರಲ್ಲಿ ನಮ್ಮ ಮನೆಯ ಯಾರೂ ಒಂದು ತುತ್ತು ಉಣ್ಣಲಿಲ್ಲ.

ಹಬ್ಬಕ್ಕೆ ಮುಂಚೆ ಕಪಾಟು ಒರೆಸುವಾಗ ಕೆಲಸದ ಹೆಣ್ಣುಮಗಳ ಕೈಯಿಂದ ಅದು ಜಾರಿತು. ಅಂಚಿನಿಂದ ಒಂದು ಚೂರು ಹಾರಿತು. “ಇದರ ಬೆಲೆ ಎಷ್ಟು ಗೊತ್ತೇನಮ್ಮಾ?” ಎಂಬ ಮಾತು ನಮ್ಮ ಬಾಯಿಂದ ಬಂದೇಬಿಟ್ಟಿತು. ಆಕೆ ಅಳಲಿಲ್ಲ, ಎದುರು ಮಾತಾಡಲಿಲ್ಲ. “ಎಷ್ಟು ತಿಂಗಳ ಸಂಬಳದಲ್ಲಿ ಹಿಡೀತೀರಿ?” ಎಂದಷ್ಟೇ ಕೇಳಿದಳು. ಕೈಗೆ ತಾಗಿತೇ ಎಂದು ಕೇಳಬೇಕೆಂಬುದು ನಮಗೆ ಹೊಳೆದದ್ದು ಆಕೆ ಚೂರನ್ನು ಹೆಕ್ಕಿಕೊಟ್ಟು ಹೋದ ಮೇಲೆ. ಬಡವರ ಕತೆ ಬರೆದು ಮೆಚ್ಚುಗೆ ಪಡೆದವರು ನಾವು!

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಉಣ್ಣಲೆಂದು ಮಾಡಿದ ವಸ್ತುವನ್ನು ಉಣ್ಣದೆ ಕಾಪಾಡಿದರೆ ಅದು ಆ ವಸ್ತುವಿಗೆ ತೋರುವ ಗೌರವವೇ, ಇಲ್ಲವೇ ಅದಕ್ಕೆ ಮಾಡುವ ಅನ್ಯಾಯವೇ?

ಸ್ಟುಡಿಯೊ ಪಾಟರಿ ಎನಿಸಿಕೊಂಡ ಈ ಕಸುಬಿನ ಚರಿತ್ರೆ ನೋಡಿದರೆ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. 1920ರಲ್ಲಿ ಬರ್ನಾರ್ಡ್ ಲೀಚ್ ಎಂಬ ಆಂಗ್ಲ ಕಲಾವಿದರು ಜಪಾನಿನ ಗೆಳೆಯ ಶೋಜಿ ಹಮಾಡಾರೊಂದಿಗೆ ಇಂಗ್ಲೆಂಡಿನ ಕಡಲತೀರದ ಸೇಂಟ್ ಐವ್ಸ್ ಊರಿಗೆ ಬಂದು ಆವಿಗೆ ಹೂಡಿದರು. ಕಾರ್ಖಾನೆಗಳು ಒಂದೇ ತೆರನ ತಟ್ಟೆಗಳನ್ನು ಸಾವಿರಗಟ್ಟಲೆ ಹೊರಹಾಕುತ್ತಿದ್ದ ಕಾಲವದು. ಮನುಷ್ಯನ ಕೈಯ ಗುರುತುಳ್ಳ ಪಾತ್ರೆ ದಿನನಿತ್ಯದ ಊಟಕ್ಕೆ ಮರಳಬೇಕೆಂಬ ಹಂಬಲ ಅವರದು. ಮುಂದೆ ಅಲ್ಲಿ ಶಿಷ್ಯರೆಲ್ಲ ಕೂಡಿ ‘ಸ್ಟ್ಯಾಂಡರ್ಡ್ ವೇರ್’ ಎಂಬ ಹೆಸರಿನಲ್ಲಿ ಲೋಟ, ಬೋಗುಣಿ, ತಟ್ಟೆಗಳನ್ನು ಮಾಡಿ ಅಡುಗೆಮನೆಗಳಿಗೆ ಮಾರಿದರು. ಅವುಗಳ ಮೇಲೆ ಬಹುಪಾಲು ಇದ್ದದ್ದು ಆವಿಗೆಯ ಮುದ್ರೆಯೇ ಹೊರತು ಮಾಡಿದವರ ಹೆಸರಲ್ಲ.

ಇಂದು ಅದೇ ಅಡುಗೆಮನೆಯ ತಟ್ಟೆಗಳು ಹರಾಜಿಗೆ ಬರುತ್ತವೆ. ಕೊಳ್ಳುವವರು ಮೊದಲು ಹಿಂಬದಿ ತಿರುಗಿಸಿ ಮುದ್ರೆ ನೋಡುತ್ತಾರೆ. ಬಳಿಕ ಚೂರು ಹಾರಿದೆಯೇ, ಬಿರುಕು ಬಿಟ್ಟಿದೆಯೇ, ಚಾಕುವಿನ ಗೀರು ಬಿದ್ದಿದೆಯೇ ಎಂದು ಪರೀಕ್ಷಿಸುತ್ತಾರೆ. ಅಂದರೆ, ಯಾರೋ ಅದರಲ್ಲಿ ಊಟ ಮಾಡಿದ್ದರು ಎಂಬ ಸಾಕ್ಷ್ಯವೇ ತಟ್ಟೆಯ ಬೆಲೆಯನ್ನು ಇಳಿಸುತ್ತದೆ. ಜಪಾನಿಗೆ ಮರಳಿದ ಹಮಾಡಾ ತಮ್ಮ ಪಾತ್ರೆಗಳಿಗೆ ಗುರುತು ಹಾಕುವುದನ್ನೇ ಬಿಟ್ಟರು. ಲೋಕ ಬಿಡಬೇಕಲ್ಲ! ಪಾತ್ರೆಯನ್ನಿಡುವ ಮರದ ಪೆಟ್ಟಿಗೆಯ ಮೇಲಾದರೂ ಅವರ ಸಹಿ ಇದೆಯೇ ಎಂದು ಹುಡುಕತೊಡಗಿತು.

ಈ ಗಾಳಿ ನಮ್ಮ ದೇಶಕ್ಕೂ ಬೀಸಿತು. 1919ರಲ್ಲಿ ಜಪಾನಿಗೆ ಹೋದ ಗುರುಚರಣ್ ಸಿಂಗ್ ಲೀಚ್ ಮತ್ತು ಹಮಾಡಾರ ಬಳಗವನ್ನು ಕಂಡವರು. ದಿಲ್ಲಿಯಲ್ಲಿ ಅಬ್ದುಲ್ಲಾ ಎಂಬ ಪಠಾಣ ಕುಂಬಾರರಿಂದ ನೀಲಿ ಮೆರುಗಿನ ಹಳೆಯ ವಿದ್ಯೆ ಕಲಿತು, 1952ರಲ್ಲಿ ಡೆಲ್ಲಿ ಬ್ಲೂ ಪಾಟರಿ ಆರಂಭಿಸಿದರು. ನಮ್ಮ ತಟ್ಟೆ ಹುಟ್ಟಿದ ಪುದುಚೇರಿಯ ಆವಿಗೆಯನ್ನು 1971ರಲ್ಲಿ ಕಟ್ಟಿದವರು ಅಮೆರಿಕದಿಂದ ಬಂದ ರೇ ಮೀಕರ್ ಮತ್ತು ಜಪಾನಿನಲ್ಲಿ ಈ ಕಸುಬು ಕಲಿತಿದ್ದ ಡೆಬೋರಾ ಸ್ಮಿತ್. ಎಲ್ಲಿಂದ ಎಲ್ಲಿಗೋ ಕೈಯಿಂದ ಕೈಗೆ ದಾಟಿ ಬಂದ ವಿದ್ಯೆ ನಮ್ಮ ಕಪಾಟಿನಲ್ಲಿ ಬಂದು ನಿಂತುಬಿಟ್ಟಿತ್ತು.

ಜಪಾನಿನಲ್ಲಿ ಕಿಝಾಯೆಮೊನ್ ಎಂಬ ಹೆಸರಿನ ಒಂದು ಬಟ್ಟಲಿದೆ. 16ನೇ ಶತಮಾನದ ಸುಮಾರಿಗೆ ಕೊರಿಯಾದ ಯಾವನೋ ಹೆಸರಿಲ್ಲದ ಕುಂಬಾರ ಮಾಡಿದ್ದು. ಬಡವರ ಅನ್ನದ ಬಟ್ಟಲು ಎಂದು ಹಮಾಡಾರ ಗೆಳೆಯ, ಕಲಾಚಿಂತಕ ಸೋಯೆತ್ಸು ಯಾನಗಿ ಅದನ್ನು ಕರೆದರು. ಚಹಾಗುರುಗಳು ಮೆಚ್ಚಿ, ಕೈಯಿಂದ ಕೈಗೆ ದಾಟಿ ಅದು ಇಂದು ರಾಷ್ಟ್ರೀಯ ಸಂಪತ್ತು. 1931ರಲ್ಲಿ ಕ್ಯೋಟೋದ ಮಂದಿರದಲ್ಲಿ ಯಾನಗಿ ಅದನ್ನು ಕಂಡಾಗ, ಪೆಟ್ಟಿಗೆಯೊಳಗೆ ಪೆಟ್ಟಿಗೆಯಾಗಿ ಅದನ್ನು ಇಡಲಾಗಿತ್ತು. ಅದರ ಹಳೆಯ ಒಡೆಯನೊಬ್ಬ ವರ್ತಕ. ಎಲ್ಲವನ್ನೂ ಕಳೆದುಕೊಂಡು ಕೂಲಿಗಿಳಿದರೂ ಅದನ್ನು ಮಾರದೆ ಕೊರಳಿಗೆ ಕಟ್ಟಿಕೊಂಡು ತಿರುಗಿದನೆಂದು ಕತೆಯಿದೆ. ಹೊಟ್ಟೆಪಾಡಿಗೆ ಪರದಾಡುವವನ ಕೊರಳಲ್ಲಿ ಅನ್ನದ ಬಟ್ಟಲು! ಅವನು ಬಟ್ಟಲಿನ ಒಡೆಯನೋ, ಬಟ್ಟಲೇ ಅವನ ಒಡೆಯನೋ?

ಸಂಗ್ರಹಕಾರರನ್ನು ಹಂಗಿಸುವುದು ಸುಲಭ. ಆದರೆ ಅವರ ಕಡೆಯೂ ನ್ಯಾಯವಿದೆ. ಬಳಸಿದ ಮಣ್ಣು ಒಂದಲ್ಲ ಒಂದು ದಿನ ಒಡೆಯುತ್ತದೆ. ಯಾರೂ ಎತ್ತಿಡದಿದ್ದರೆ ಆ ಕೊರಿಯಾದ ಕುಂಬಾರನ ಕೈ ಎಂಥದೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ಬಳಕೆಯ ವಸ್ತುಗಳ ಚೆಲುವನ್ನು ಸಾರಿದ ಯಾನಗಿಯವರೇ 1936ರಲ್ಲಿ ಟೋಕಿಯೊದಲ್ಲಿ ಜಾನಪದ ಕರಕುಶಲ ಮ್ಯೂಸಿಯಂ ತೆರೆದರು. ಆದರೆ ಮ್ಯೂಸಿಯಮ್ಮಿನ ಕಪಾಟು ನಾಲ್ಕು ಜನ ವಸ್ತುವನ್ನು ನೋಡಿ ಕಲಿಯಲೆಂದು ಇರುವುದು. ನಮ್ಮ ಕಪಾಟು ಬಂದವರು ನಮ್ಮನ್ನು ನೋಡಲೆಂದು ಇತ್ತು. ಇನ್ನೊಂದು ಮಾತು. ಚಹಾಗುರುಗಳು ಅಂಥ ಬಟ್ಟಲುಗಳನ್ನು ಬರೀ ಬಚ್ಚಿಡಲಿಲ್ಲ, ಅವುಗಳಲ್ಲಿ ಚಹಾ ಕುಡಿದರು. ಮೆರುಗಿನ ನವಿರು ಬಿರುಕುಗಳಲ್ಲಿ ಚಹಾ ಇಳಿದು ಬಣ್ಣ ಮಾಗುವುದನ್ನೇ ಚೆಲುವೆಂದು ತಿಳಿದರು. ಕಾಪಾಡುವುದಕ್ಕೂ ಬಳಸುವುದಕ್ಕೂ ಹಗೆತನವಿಲ್ಲ.

ನಾವು ಓದಿದ ಎರಡು ಭಾಷೆಗಳಲ್ಲಿ ಒಂದೇ ಪದಕ್ಕೆ ಎರಡು ಅರ್ಥ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ನಮ್ಮ ಕೈಗೊಪ್ಪಿಸಿದ ವಸ್ತು. ಕನ್ನಡದ ಕಚೇರಿಗಳಲ್ಲಿ ಅಮಾನತು ಎಂದರೆ ಒಬ್ಬನನ್ನು ಕೆಲಸದಿಂದ ದೂರವಿಡುವುದು. ಕುಂಬಾರ ಮೊದಲ ಅರ್ಥದಲ್ಲಿ ನಮಗೆ ತಟ್ಟೆ ಕೊಟ್ಟ, ನಾವು ಎರಡನೆಯ ಅರ್ಥದಲ್ಲಿ ಇಟ್ಟುಕೊಂಡೆವು. ನಮ್ಮ ಮನೆಯಲ್ಲಿ ದುಡಿಯುವ ಆ ಹೆಣ್ಣುಮಗಳ ಮಾನವೂ ನಮ್ಮ ಬಳಿ ಅಮಾನತ್ ಆಗಿತ್ತಲ್ಲವೇ? ತಟ್ಟೆಯದನ್ನು ಇಪ್ಪತ್ತು ವರ್ಷ ಕಾದೆವು, ಆಕೆಯದನ್ನು ಒಂದು ಗಳಿಗೆಯೂ ಕಾಯಲಾಗಲಿಲ್ಲ.

ಸಂಬಳದಲ್ಲಿ ನಾವೇನೂ ಹಿಡಿಯಲಿಲ್ಲ. ತಪ್ಪಾಯಿತೆಂದು ಹೇಳಿದೆವು. ಅಂಚು ಮುಕ್ಕಾದ ಆ ತಟ್ಟೆ ಈಗ ದಸ್ತರ್‌ಖಾನಿನ ಮೇಲೆ ಬರುತ್ತದೆ. ಅದರಲ್ಲಿ ರೊಟ್ಟಿ ಇಡುತ್ತೇವೆ, ಮುಕ್ಕು ಯಾರ ಕಣ್ಣಿಗೂ ಬೀಳುವುದಿಲ್ಲ. ಆಕೆ ಮಾತ್ರ ಇಂದಿಗೂ ಬೇರೆಲ್ಲ ಪಾತ್ರೆ ತೊಳೆದಾದ ಮೇಲೆ ಅದೊಂದನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ತೊಳೆಯುತ್ತಾಳೆ.