ಏಕಮಾನವನ್ನು ಅಳಿಸಿದ ಮೇಲೆ

‘ಮೊದಲು ಎಲ್ಲವನ್ನೂ ಎಸ್‌ಐಗೆ ತನ್ನಿ, ಆಮೇಲೆ ಏಕಮಾನ ಬಿಟ್ಟು ಬರೀ ಸಂಖ್ಯೆಯಲ್ಲಿ ಲೆಕ್ಕ ಮಾಡಿ.’ ವಿದ್ಯಾರ್ಥಿಗಳಿಗೆ ಹೀಗೆ ಹೇಳಿಕೊಡುವುದನ್ನು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ನಮ್ಮ ಮನೆಯ ಪಹಣಿಯಲ್ಲಿ ಜಮೀನು 2-20 ಎಂದಿದೆ: ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನು ಯಾರೋ ಕಂಪ್ಯೂಟರಿಗೆ 2.20 ಎಕರೆ ಎಂದು ಏರಿಸಿದ್ದರು. ಹನ್ನೆರಡು ಗುಂಟೆ ನೆಲ ಒಂದು ಚುಕ್ಕೆಯಲ್ಲಿ ಹೋಯಿತು.

ಸಿಂಪೈ, ಮ್ಯಾಕ್ಸಿಮಾದಂಥ ಬೀಜಗಣಿತದ ಸಾಫ್ಟ್‌ವೇರ್‌ಗಳು ನನಗೆ ಹಿಡಿಸುವುದು ಈ ಕಾರಣಕ್ಕೇ. ಅಲ್ಲಿ ಮೀಟರನ್ನು ಅಳಿಸಬೇಕಿಲ್ಲ. ಕೊನೆಯವರೆಗೂ ಜೊತೆಯಲ್ಲೇ ಒಯ್ಯಬಹುದು. ಸಿಂಪೈಯಲ್ಲಿ ಮೀಟರಿಗೆ ಸೆಕೆಂಡನ್ನು ಕೂಡಿಸಿದರೆ ಎರಡೂ ಬೆರೆಯದೆ ಹಾಗೇ ಉಳಿಯುತ್ತವೆ, ತಪ್ಪು ಕಣ್ಣಿಗೆ ಬೀಳುತ್ತದೆ.

ಏಕಮಾನವನ್ನು ಉಳಿಸಿಕೊಳ್ಳಬೇಕೆಂಬ ನನ್ನ ಈ ನಿಲುವಿಗೆ ನಿಜವಾದ ಎದುರಾಳಿ ಭೌತವಿಜ್ಞಾನಿ ಮೈಕೆಲ್ ಡಫ್. ಮೂಲಭೂತ ಸ್ಥಿರಾಂಕಗಳು ಎಷ್ಟು ಎಂದು 2002ರಲ್ಲಿ ಮೂವರು ಪ್ರಕಟಿಸಿದ ಚರ್ಚೆಯಲ್ಲಿ ಓಕುನ್ ಮೂರು ಎಂದರು, ವೆನೆಟ್ಸಿಯಾನೊ ಎರಡು ಎಂದರು, ಡಫ್ ಸೊನ್ನೆ ಎಂದರು. ಅವರ ಪ್ರಕಾರ ಆಯಾಮವಿರುವ ಸ್ಥಿರಾಂಕಗಳೆಲ್ಲ ಮನುಷ್ಯರು ಅನುಕೂಲಕ್ಕೆ ಕಟ್ಟಿಕೊಂಡವು. ಸುಮಾರು 1/137 ಇರುವ ಸೂಕ್ಷ್ಮರಚನಾ ಸ್ಥಿರಾಂಕದಂಥ ಶುದ್ಧ ಸಂಖ್ಯೆಗಳಲ್ಲಿ ಮಾತ್ರ ಪ್ರಕೃತಿಯ ಮಾತಿದೆ.

ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಬೆಳಕಿನ ವೇಗ ಸೆಕೆಂಡಿಗೆ 299792458 ಮೀಟರ್ ಎಂಬುದು 1983ರಿಂದ ನಾವೇ ನಿಗದಿ ಮಾಡಿರುವ ಅಂಕಿ. ಅದನ್ನು 1 ಎಂದು ಬರೆದರೂ ಪ್ರಕೃತಿಗೆ ಏನೂ ಆಗುವುದಿಲ್ಲ. ಆದರೆ ಲೆಕ್ಕ ಮಾಡುವವರಿಗೆ ಆಗುತ್ತದೆ. ಹಾಗೆ ಬರೆದ ಮೇಲೆ ಮೀಟರೂ ಸೆಕೆಂಡೂ ಒಂದೇ ಆಯಾಮದವಾಗುತ್ತವೆ; ಎಲ್ಲೋ ಬಿಟ್ಟುಹೋದ ಒಂದು ವೇಗವನ್ನು ಆಯಾಮ ನೋಡಿ ಹಿಡಿಯಲು ಬರುವುದಿಲ್ಲ. ಅದು ನಿಮ್ಮ ಎಚ್ಚರಿಕೆ, ಪ್ರಕೃತಿಯ ಗುಣವಲ್ಲ ಎಂದು ಡಫ್ ಪರವಾಗಿ ಹೇಳಬಹುದು. ಒಪ್ಪುತ್ತೇನೆ.

ಆ ಎಚ್ಚರಿಕೆಯೂ ಪೂರ್ತಿಯಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಬೋಲ್ಟ್ ಬಿಗಿಮಾಡುವ 50 ನ್ಯೂಟನ್-ಮೀಟರ್ ಟಾರ್ಕನ್ನು ಜೌಲಿಗೆ ಪರಿವರ್ತಿಸಿದಳು. ಸಿಂಪೈ ತಕರಾರಿಲ್ಲದೆ 50 ಜೌಲ್ ಎಂದಿತು. ಬೋಲ್ಟ್ ಅಲುಗದಿದ್ದರೆ ಅಲ್ಲಿ ಕೆಲಸವೇ ಆಗಿಲ್ಲ, ಜೌಲ್ ಎಲ್ಲಿಂದ ಬಂತು? ರೇಡಿಯನ್ನಿಗೂ ಒಂದು ಆಯಾಮ ಕೊಟ್ಟರೆ ಟಾರ್ಕ್ ‘ರೇಡಿಯನ್ನಿಗೆ ಇಷ್ಟು ಜೌಲ್’ ಎಂದಾಗಿ ಬೇರೆ ನಿಲ್ಲುತ್ತದೆ ಎಂದುಕೊಂಡೆ. ಆಗ ಸೈನ್‌ನ ಶ್ರೇಣಿ ಕೆಡುತ್ತದೆ: ಕೋನದಿಂದ ಅದರ ಘನದ ಆರನೇ ಒಂದು ಭಾಗವನ್ನು ಕಳೆಯಬೇಕು, ರೇಡಿಯನ್ನಿನಿಂದ ಘನರೇಡಿಯನ್ ಕಳೆಯುವುದು ಹೇಗೆ?

ಟಾರ್ಕ್ ಸದಿಶ, ಶಕ್ತಿ ಅದಿಶ. ವ್ಯತ್ಯಾಸ ಅಲ್ಲಿದೆ ಎಂದು ಸಮಾಧಾನ ಪಡಬಹುದು. ಆದರೆ ಹರ್ಟ್ಸ್ ಮತ್ತು ಬೆಕೆರೆಲ್ ಎರಡೂ ಅದಿಶ, ಎರಡರ ಆಯಾಮವೂ ಕಾಲದ ವಿಲೋಮ. ಒಂದು ಲಯಬದ್ಧ ಆವರ್ತನೆಗೆ, ಇನ್ನೊಂದು ಯಾವಾಗ ಒಡೆಯುತ್ತದೋ ಹೇಳಲಾಗದ ಪರಮಾಣು ಬೀಜಕ್ಕೆ. ಈ ಭೇದ ಪ್ರಕೃತಿಯದೇ, ಮನುಷ್ಯನ ಅನುಕೂಲವಲ್ಲ. ಆದರೂ ಅದು ಡಫ್ ನೆಚ್ಚಿದ ಶುದ್ಧ ಸಂಖ್ಯೆಯಲ್ಲೂ ಕಾಣದು, ನಾನು ನೆಚ್ಚಿದ ಆಯಾಮದಲ್ಲೂ ಕಾಣದು. ನಾವು ಇಟ್ಟ ಎರಡು ಹೆಸರುಗಳಲ್ಲಿ ಮಾತ್ರ ಉಳಿದಿದೆ.

ಏಕಮಾನವನ್ನು ಅಳಿಸಬೇಡಿ ಎಂದು ಈಗಲೂ ಹೇಳುತ್ತೇನೆ. ಆದರೆ ಅದನ್ನು ಉಳಿಸಿಕೊಂಡರೆ ಅರ್ಥವೂ ಉಳಿಯುತ್ತದೆ ಎಂದು ಮೊದಲಿನಷ್ಟು ಗಟ್ಟಿಯಾಗಿ ಹೇಳಲಾರೆ. ಯಂತ್ರದ ಕೈಗೆ ಇನ್ನೇನನ್ನು ಕೊಟ್ಟರೆ ಆ ಭೇದವೂ ಲೆಕ್ಕದೊಳಗೆ ಬಂದೀತು ಎಂಬುದು ನನಗಿನ್ನೂ ಬಗೆಹರಿದಿಲ್ಲ.