ಒಲವು, ಮತಭೇದ ಮತ್ತು ಅನೇಕಾಂತ

ಶ್ರಾವಕರ ಮನೆಯಲ್ಲಿ ಸಂಬಂಧದ ಮಾತು ಬಂದಾಗ ಹಿರಿಯರು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಊರು ಯಾವುದು, ಓದು ಎಷ್ಟು, ರಾತ್ರಿಭೋಜನ ಬಿಟ್ಟಿದ್ದಾರೋ, ಕಂದಮೂಲ ತಿನ್ನುತ್ತಾರೋ ಎಂದು ವಿಚಾರಿಸುವುದುಂಟು. ಚುನಾವಣೆಯಲ್ಲಿ ಯಾವ ಪಕ್ಷಕ್ಕೆ ಮತ ಹಾಕುತ್ತಾರೆಂದು ಕೇಳುವ ರೂಢಿಯಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇಂದು ಆ ಪ್ರಶ್ನೆಯೇ ಎಷ್ಟೋ ಸಲ ಮೊದಲನೆಯದಾಗುತ್ತಿದೆ. ಅದರಲ್ಲಿಯೂ ಒಬ್ಬ ಪುರುಷನು ಇನ್ನೊಬ್ಬ ಪುರುಷನಲ್ಲಿ ಅನುರಕ್ತನಾಗಿರುವಲ್ಲಿ ಅದು ಬರಿಯ ಕುತೂಹಲದ ಪ್ರಶ್ನೆಯಲ್ಲ. ತೆರಿಗೆ ಎಷ್ಟಿರಬೇಕು ಎಂಬುದರೊಡನೆ, ಅವರಿಬ್ಬರ ಬಾಳನ್ನು ಕಾನೂನು ಒಪ್ಪಬೇಕೇ ಬೇಡವೇ ಎಂಬುದೂ ಅಲ್ಲಿ ಪಕ್ಷಗಳ ವಾದದ ವಿಷಯವಾಗಿದೆ. ಹೀಗಿರುವಾಗ ವಿರುದ್ಧ ಪಕ್ಷದವನೊಡನೆ ಒಲವು ಬೆಳೆಸುವುದು ಉಚಿತವೇ? ಅನೇಕಾಂತವನ್ನು ನಂಬಿದವನು ಇದಕ್ಕೆ ಏನು ಉತ್ತರ ಕೊಡಬೇಕು?

ಇಂಥ ವಿಷಯ ಧಾರ್ಮಿಕ ಪತ್ರಿಕೆಗೆ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಉತ್ತರ ಅಮೆರಿಕದ ಜೈನ ಸಂಘಗಳು ಸೇರಿ ಒಂದು ಒಕ್ಕೂಟವನ್ನು ಕಟ್ಟಿಕೊಂಡದ್ದು 1981ರಲ್ಲಿ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಈಗ ಗೃಹಸ್ಥಾಶ್ರಮದ ವಯಸ್ಸಿನವರು. ಅವರಲ್ಲಿ ಎಲ್ಲರೂ ಕನ್ಯೆಯನ್ನೇ ಬಯಸುವವರೆಂದು ತಿಳಿಯುವುದು ಕಣ್ಣು ಮುಚ್ಚಿಕೊಂಡು ತಕ್ಕಡಿ ಹಿಡಿದಂತೆ. ಭಾರತದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ವಯಸ್ಕ ಪುರುಷರ ಪರಸ್ಪರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದುಹಾಕಿತು. 2023ರ ಅಕ್ಟೋಬರ್ 17ರಂದು, ವಿವಾಹವನ್ನು ಮೂಲಭೂತ ಹಕ್ಕೆಂದು ಹೇಳಲಾಗದು, ಅದು ಶಾಸನಸಭೆಯ ಕೆಲಸ ಎಂದಿತು. ವಿಷಯವು ಮನೆಯ ಹೊಸ್ತಿಲವರೆಗೆ ಬಂದು ನಿಂತಿದೆ.

ಮೊದಲು ಆಗಮದ ಮಾತನ್ನು ನೋಡುವುದು ಲೇಸು. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ವೇದಮಾರ್ಗಣೆಯನ್ನು ವಿವರಿಸಿದ್ದಾರೆ. ಶರೀರದ ಚಿಹ್ನೆ ದ್ರವ್ಯವೇದ. ಮನಸ್ಸಿನ ಅಭಿಲಾಷೆ ಭಾವವೇದ. ಇವೆರಡೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ, ಕೆಲವೆಡೆ ಬೇರೆಯಾಗಿರುವುದೂ ಉಂಟೆಂದು ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಸ್ಪಷ್ಟವಾಗಿ ಹೇಳಿದರು. ದ್ರವ್ಯದಿಂದ ಪುರುಷನಾದವನಲ್ಲಿ ಭಾವದಿಂದ ಸ್ತ್ರೀವೇದದ ಉದಯವಾಗಬಹುದು, ಎಂದರೆ ಅವನ ಅಭಿಲಾಷೆ ಪುರುಷನ ಕಡೆಗೆ ಹರಿಯಬಹುದು. ಇದು ಚಾರಿತ್ರಮೋಹನೀಯದಲ್ಲಿ ಸೇರಿದ ನೋಕಷಾಯ ಕರ್ಮದ ಉದಯವೇ ಹೊರತು ಪೇಟೆಯಲ್ಲಿ ಆರಿಸಿ ತಂದ ಸರಕಲ್ಲ. ಮೂರು ವೇದಗಳನ್ನೂ ಬೆಂಕಿಗೆ ಹೋಲಿಸಿರುವುದನ್ನು ಗಮನಿಸಬೇಕು: ಪುರುಷವೇದ ಹುಲ್ಲಿನ ಬೆಂಕಿ, ಸ್ತ್ರೀವೇದ ಬೆರಣಿಯ ಬೆಂಕಿ, ನಪುಂಸಕವೇದ ಇಟ್ಟಿಗೆಗೂಡಿನ ಬೆಂಕಿ. ಹುಲ್ಲಿನ ಬೆಂಕಿಯಲ್ಲಿ ಸುಡುವವನು ಬೆರಣಿಯ ಬೆಂಕಿಯವನನ್ನು ನೋಡಿ ನಗುವುದಕ್ಕೆ ಇಲ್ಲಿ ಎಡೆಯೇ ಇಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು, ಭಾವದಿಂದ ಸ್ತ್ರೀಯಾದ ಪುರುಷನಿಗೆ ಹದಿನಾಲ್ಕು ಗುಣಸ್ಥಾನಗಳ ದಾರಿ ತೆರೆದಿದೆ ಎಂಬ ಅಭಿಪ್ರಾಯವನ್ನು ಎತ್ತಿಹಿಡಿದಿದ್ದಾರೆ. ಯಾವನಿಗೆ ಮೋಕ್ಷದ ಬಾಗಿಲು ಮುಚ್ಚಿಲ್ಲವೋ ಅವನಿಗೆ ಬಸದಿಯ ಬಾಗಿಲನ್ನು ಮುಚ್ಚುವವರು ಯಾರು? ಸ್ವದಾರಸಂತೋಷವೆಂಬ ಅಣುವ್ರತವನ್ನು ಶಾಸ್ತ್ರಕಾರರು ಗಂಡುಹೆಣ್ಣಿನ ಗೃಹಸ್ಥಧರ್ಮವನ್ನೇ ಎದುರಿಗಿಟ್ಟುಕೊಂಡು ಹೇಳಿದರೆಂಬುದು ನಿಜ. ಅದನ್ನು ಮರೆಮಾಚುವ ಅಗತ್ಯವಿಲ್ಲ. ಅದರ ಪೂರ್ಣ ವಿಚಾರ ಬೇರೊಂದು ಲೇಖನದ್ದು.

ಈಗ ಪಕ್ಷಗಳ ಮಾತು. ಹೊರಗಿನಿಂದ ನೋಡುವವರಿಗೆ ಅಮೆರಿಕದಲ್ಲಿ ಡೆಮಾಕ್ರಟಿಕ್ ಪಕ್ಷ ಸಲಿಂಗಾನುರಾಗಿಗಳ ಪರ, ರಿಪಬ್ಲಿಕನ್ ಪಕ್ಷ ವಿರೋಧ ಎಂಬ ಒಂದೇ ಗೆರೆ ಕಾಣುತ್ತದೆ. ಇತಿಹಾಸ ಅಷ್ಟು ನೇರವಾಗಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಇಂಥವರು ಸರಕಾರಿ ಶಾಲೆಗಳಲ್ಲಿ ಪಾಠ ಹೇಳಕೂಡದೆಂಬ ಪ್ರಸ್ತಾವ ಜನಮತಕ್ಕೆ ಬಂದಾಗ, ಮಾಜಿ ಗವರ್ನರ್ ರೊನಾಲ್ಡ್ ರೇಗನ್ ಅದನ್ನು ಬಹಿರಂಗವಾಗಿ ವಿರೋಧಿಸಿದರು, ಪ್ರಸ್ತಾವ ಸೋತಿತು. ವಿವಾಹವೆಂದರೆ ಒಬ್ಬ ಗಂಡು ಒಬ್ಬ ಹೆಣ್ಣಿನದು ಮಾತ್ರವೆಂದು ಕೇಂದ್ರ ಕಾನೂನಿನಲ್ಲಿ ಬರೆದ 1996ರ ಶಾಸನಕ್ಕೆ ಸಹಿ ಹಾಕಿದವರು ಡೆಮಾಕ್ರಟಿಕ್ ಅಧ್ಯಕ್ಷ ಬಿಲ್ ಕ್ಲಿಂಟನ್. 2015ರ ಜೂನ್ 26ರಂದು ಐದು-ನಾಲ್ಕರ ಬಹುಮತದಿಂದ ವಿವಾಹದ ಹಕ್ಕನ್ನು ದೇಶದಾದ್ಯಂತ ಕೊಟ್ಟ ತೀರ್ಪನ್ನು ಬರೆದ ನ್ಯಾಯಮೂರ್ತಿ ಆಂಥನಿ ಕೆನಡಿ ರೇಗನ್ನರಿಂದ ನೇಮಕಗೊಂಡವರು. 2000ದ ಅಧ್ಯಕ್ಷೀಯ ಚುನಾವಣೆಯ ವ್ಯಾಜ್ಯದಲ್ಲಿ ಬುಷ್ ಪರವಾಗಿ ವಾದಿಸಿದ ಟೆಡ್ ಓಲ್ಸನ್, ಗೋರ್ ಪರವಾಗಿ ವಾದಿಸಿದ ಡೇವಿಡ್ ಬಾಯ್ಸ್ ಇಬ್ಬರೂ 2009ರಲ್ಲಿ ಒಂದಾಗಿ, ಕ್ಯಾಲಿಫೋರ್ನಿಯದ ವಿವಾಹನಿಷೇಧದ ವಿರುದ್ಧ ನ್ಯಾಯಾಲಯವನ್ನು ಹೊಕ್ಕರು. ದೇಶವನ್ನೇ ಇಬ್ಭಾಗಿಸಿದ ದಾವೆಯ ಎದುರಾಳಿಗಳು ಒಂದೇ ಮೇಜಿನ ಒಂದೇ ಪಕ್ಕದಲ್ಲಿ ಕುಳಿತ ಆ ದೃಶ್ಯವನ್ನು ನೆನೆಯುವುದು ಸಂತೋಷ.

ರಿಪಬ್ಲಿಕನ್ ಪಕ್ಷದೊಳಗೇ ಸಲಿಂಗಾನುರಾಗಿಗಳ ಒಂದು ಸಂಘಟನೆಯಿದೆ. ಲಾಗ್ ಕ್ಯಾಬಿನ್ ರಿಪಬ್ಲಿಕನ್ಸ್ ಎಂಬ ಅದರ ಬೇರು ಆ 1978ರ ಹೋರಾಟದ ಕಾಲದ್ದು. ಸ್ವಂತ ಪಕ್ಷದ ಅಧ್ಯಕ್ಷರು ಸಂವಿಧಾನಕ್ಕೇ ವಿವಾಹನಿಷೇಧದ ತಿದ್ದುಪಡಿ ಬೇಕೆಂದಾಗ, 2004ರಲ್ಲಿ ಈ ಸಂಘಟನೆ ಅವರಿಗೆ ಬೆಂಬಲ ಘೋಷಿಸಲಿಲ್ಲ, ಪಕ್ಷವನ್ನೂ ಬಿಡಲಿಲ್ಲ. ಪಕ್ಷದಲ್ಲಿದ್ದುಕೊಂಡೇ ಒಂದು ಎಡೆಯಲ್ಲಿ ಕೈ ಹಿಂದೆಗೆಯುವ ಈ ನಿಲುವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಹಾಗೆಂದು ಎಲ್ಲವೂ ಸಮವೆನ್ನುವುದೂ ತಪ್ಪು ತೂಕವೇ. 2022ರ ಜೂನ್ ತಿಂಗಳಲ್ಲಿ ಗರ್ಭಪಾತದ ಹಕ್ಕನ್ನು ರದ್ದುಮಾಡಿದ ತೀರ್ಪಿನ ಜೊತೆಗೆ ಬರೆದ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ 2015ರ ವಿವಾಹದ ತೀರ್ಪನ್ನೂ ಮರುಪರಿಶೀಲಿಸಬೇಕೆಂದರು. ಆ ಭಯದಿಂದಲೇ ಅದೇ ವರ್ಷ ಡಿಸೆಂಬರ್ 13ರಂದು ಇಂಥ ವಿವಾಹಗಳಿಗೆ ಕೇಂದ್ರ ಕಾನೂನಿನ ರಕ್ಷಣೆ ಕೊಡುವ ಶಾಸನ ಜಾರಿಗೆ ಬಂತು. ಅದರ ಕೊನೆಯ ಮತದಾನದಲ್ಲಿ ಕೆಳಮನೆಯ 39 ಮಂದಿ ಮತ್ತು ಸೆನೆಟ್ಟಿನ 12 ಮಂದಿ ರಿಪಬ್ಲಿಕನ್ನರು ಪರವಾಗಿ ನಿಂತರು. ಆ ಪಕ್ಷದ ಹೆಚ್ಚಿನವರು ವಿರೋಧಿಸಿದರು. ಎಂದಮೇಲೆ ಮತಪೆಟ್ಟಿಗೆಯ ಲೆಕ್ಕದಲ್ಲಿ ಇಬ್ಬರ ಮನೆಯ ಭದ್ರತೆ ನಿಜವಾಗಿಯೂ ಇದೆ.

ಒಂದು ಜೋಡಿಯನ್ನು ಊಹಿಸಿಕೊಳ್ಳೋಣ. ಒಬ್ಬನು ಚಿಕಾಗೋದಲ್ಲಿ ಕೆಲಸಮಾಡುವ ಜೈನ ತರುಣ. ತಂದೆತಾಯಿ ಬೆಳಗಾವಿ ಸೀಮೆಯವರು. ಇನ್ನೊಬ್ಬನು ಸಣ್ಣ ಊರಿನ ಕಬ್ಬಿಣದಂಗಡಿಯವನ ಮಗ, ಭಾನುವಾರ ಚರ್ಚಿಗೆ ಹೋಗುವವನು. ತೆರಿಗೆ ಕಡಿಮೆಯಿರಬೇಕು, ಸರಕಾರ ವ್ಯಾಪಾರಿಯ ಗಲ್ಲಾಪೆಟ್ಟಿಗೆಯಿಂದ ದೂರವಿರಬೇಕು, ಕೋವಿ ಇಟ್ಟುಕೊಳ್ಳುವುದು ಪ್ರಜೆಯ ಹಕ್ಕು, ಪಾದ್ರಿಯನ್ನು ಅವನ ಅಂತರಂಗಕ್ಕೆ ವಿರೋಧವಾಗಿ ಮದುವೆ ಮಾಡಿಸೆಂದು ಬಲವಂತಮಾಡಕೂಡದು ಎಂಬವು ಅವನ ನಂಬಿಕೆಗಳು. ಮೊದಲನೆಯವನು ಇವುಗಳಲ್ಲಿ ಹೆಚ್ಚಿನದಕ್ಕೆ ವಿರುದ್ಧ. ಸ್ನೇಹಿತರು ಅವನಿಗೆ ಹೇಳುವುದು: ನಿನ್ನ ವಿರುದ್ಧ ಮತಹಾಕುವವನೊಡನೆ ಊಟಕ್ಕೆ ಕೂರುವುದೆಂದರೇನು? ಮನೆಯ ಹಿರಿಯರಿಗೆ ಗೊತ್ತಾದರೆ ಬಹುಶಃ ಇನ್ನೊಂದು ಮಾತು ಹೇಳುತ್ತಾರೆ: ಅನೇಕಾಂತವಿದೆಯಲ್ಲ, ಎಲ್ಲರ ಮಾತೂ ಸರಿ, ಹೊಂದಿಕೊಂಡು ಹೋಗು.

ಈ ಎರಡನೆಯ ಮಾತು ಹೆಚ್ಚು ಅಪಾಯದ್ದು, ಏಕೆಂದರೆ ಅದು ಧರ್ಮದ ವೇಷದಲ್ಲಿದೆ. ಎಲ್ಲರ ಮಾತೂ ಸರಿ ಎನ್ನುವುದು ಅನೇಕಾಂತವಲ್ಲ. ಅದನ್ನು ವಿನಯಮಿಥ್ಯಾತ್ವವೆಂದು ಶಾಸ್ತ್ರ ಕರೆದಿದೆ. ವಸ್ತುವಿನ ಒಂದು ಮುಖವನ್ನು ಹಿಡಿದು, ಉಳಿದ ಮುಖಗಳನ್ನು ಅಲ್ಲಗಳೆಯದೆ ಮಾತಾಡುವುದು ನಯ. ಉಳಿದವು ಇಲ್ಲವೇ ಇಲ್ಲವೆಂದು ಹಟಹಿಡಿದ ಕ್ಷಣ ಅದೇ ದುರ್ನಯವಾಗುತ್ತದೆ. ಸಮಂತಭದ್ರಸ್ವಾಮಿಗಳು ಆಪ್ತಮೀಮಾಂಸೆಯಲ್ಲಿ ನಿರಪೇಕ್ಷವಾದ ನಯ ಮಿಥ್ಯೆ, ಸಾಪೇಕ್ಷವಾದದ್ದು ಕಾರ್ಯಕಾರಿ ಎಂಬ ಅಭಿಪ್ರಾಯವನ್ನು ಸ್ಥಾಪಿಸಿದರು. ಈ ಒರೆಗಲ್ಲಿಗೆ ತಿಕ್ಕಿದರೆ ಬಂಗಾರ ಯಾವುದು ಹಿತ್ತಾಳೆ ಯಾವುದು ತಿಳಿಯುತ್ತದೆ. ತೆರಿಗೆಯ ವಿಚಾರದಲ್ಲಿ ಕಬ್ಬಿಣದಂಗಡಿಯ ಮಗನದು ಒಂದು ನಯ. ವ್ಯಾಪಾರ ಮಾಡಿ ಬಲ್ಲ ಯಾವ ಶ್ರಾವಕನಿಗೂ ಅದು ಅಪರಿಚಿತವಲ್ಲ. ಪಾದ್ರಿಯ ಅಂತರಂಗದ ಮಾತೂ ನಯವೇ. ಆದರೆ ‘ನಮ್ಮಿಬ್ಬರ ಬಾಳುವೆ ಕಾನೂನಿನಲ್ಲಿ ಉಳಿಯದಿದ್ದರೂ ಚಿಂತೆಯಿಲ್ಲ’ ಎಂದು ಅವನು ಹೇಳುವುದಾದರೆ, ಅದು ಎದುರಿಗೆ ಕುಳಿತವನ ಅಸ್ತಿತ್ವದ ಒಂದು ಮುಖವನ್ನೇ ಅಳಿಸುವ ಮಾತು. ಅದನ್ನು ಸಹಿಸುವುದಕ್ಕೆ ಸ್ಯಾದ್ವಾದದ ಸಾಕ್ಷಿ ತರಬಾರದು. ಪ್ರಶ್ನೆ ಅವನು ಯಾವ ಪಕ್ಷದವನೆಂಬುದಲ್ಲ. ಪಕ್ಷ ತನ್ನ ಒಲವನ್ನು ಬಲಿಕೇಳಿದಾಗ 2004ರ ಆ ಸಂಘಟನೆಯಂತೆ ಕೈ ಹಿಂದೆಗೆಯುವವನೋ ಅಲ್ಲವೋ ಎಂಬುದು.

ಜೈನ ತರುಣನೂ ತನ್ನ ತಟ್ಟೆಯನ್ನು ನೋಡಿಕೊಳ್ಳಬೇಕಾದದ್ದುಂಟು. ‘ಆ ಪಕ್ಷದವನೆಂದಮೇಲೆ ನೀನು ನಿನ್ನವರಿಗೇ ದ್ರೋಹಿ’ ಎಂದು ಪೂರ್ತಿ ಮನುಷ್ಯನನ್ನು ಒಂದು ಚೀಟಿಗೆ ಇಳಿಸುವುದು ಕೂಡ ಏಕಾಂತವೇ. ರತ್ನಕರಂಡಕ ಶ್ರಾವಕಾಚಾರವು ಐದು ಅನರ್ಥದಂಡಗಳನ್ನು ಹೇಳುತ್ತದೆ. ಅವುಗಳಲ್ಲಿ ಅಪಧ್ಯಾನವೆಂದರೆ ದ್ವೇಷದಿಂದ ಇನ್ನೊಬ್ಬರ ಕೇಡನ್ನು ಮನಸ್ಸಿನಲ್ಲಿ ಬಯಸುವುದು. ದುಃಶ್ರುತಿಯೆಂದರೆ ಚಿತ್ತವನ್ನು ಕಲುಷಿತಗೊಳಿಸುವ ಮಾತುಗಳನ್ನು ಕೇಳುತ್ತ ಕೂರುವುದು. ರಾತ್ರಿಯೆಲ್ಲ ದೂರದರ್ಶನದಲ್ಲಿ ಪಕ್ಷಗಳ ಬೈಗುಳವನ್ನು ಆಲಿಸಿ, ಎದುರು ಪಕ್ಷದವರು ಹಾಳಾಗಲೆಂದು ಹಾರೈಸಿ ಮಲಗುವವನು, ಅವನು ಯಾವ ಪಕ್ಷದವನಾದರೂ ಸರಿಯೇ, ಎರಡನ್ನೂ ಒಟ್ಟಿಗೆ ಆಚರಿಸಿದಂತೆ. (ಕರ್ನಾಟಕದ ಶ್ರಾವಕರೂ ಚುನಾವಣೆಯ ವರ್ಷ ಈ ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ.) ಕೋವಿಯ ಮಾತು ಬೇರೆ. ಹಿಂಸೆಯ ಉಪಕರಣವನ್ನು ಕೊಡುವುದು ಹಿಂಸಾದಾನವೆಂಬ ಅನರ್ಥದಂಡ. ಜೈನನ ಮನೆಯ ಕಪಾಟಿನಲ್ಲಿ ಅದಕ್ಕೆ ಸ್ಥಳವಿಲ್ಲವೆಂಬುದು ಪಕ್ಷದ ಪ್ರಶ್ನೆಯೇ ಅಲ್ಲ, ವ್ರತದ ಪ್ರಶ್ನೆ. ಮತಭೇದಗಳಲ್ಲಿ ಎಲ್ಲವನ್ನೂ ಒಂದೇ ಖಾತೆಗೆ ಬರೆದುಕೊಂಡಲ್ಲಿ ಜಗಳ ಮುಗಿಯುವುದಿಲ್ಲ. ತೆರಿಗೆಗೆ ಒಂದು ಖಾತೆ, ಕೋವಿಗೆ ಒಂದು, ಬಾಳುವೆಯ ಮಾನ್ಯತೆಗೆ ಇನ್ನೊಂದು. ಮೊದಲನೆಯದರಲ್ಲಿ ಎಷ್ಟು ಬಾಕಿ ಉಳಿದರೂ ಮನೆ ನಡೆಯುತ್ತದೆ.

ಇಂಥಲ್ಲಿ ಪ್ರವಚನಕಾರರು ಚೇಲನಾದೇವಿಯ ಕಥೆಯನ್ನು ಹೇಳುವುದುಂಟು. ಶ್ರೇಣಿಕ ಮಹಾರಾಜನು ಧ್ಯಾನಸ್ಥರಾದ ಯಶೋಧರ ಮುನಿಗಳ ಕೊರಳಿಗೆ ಸತ್ತ ಹಾವನ್ನು ಹಾಕಿದ, ರಾಣಿ ಹೋಗಿ ಉಪಸರ್ಗವನ್ನು ನಿವಾರಿಸಿದಳು, ಮುನಿಗಳು ಇಬ್ಬರಿಗೂ ಸಮನಾಗಿ ಆಶೀರ್ವದಿಸಿದರು, ರಾಜನು ಜಿನಭಕ್ತನಾದ. ಕಥೆ ಪವಿತ್ರವಾದದ್ದು, ಆದರೆ ಇಲ್ಲಿಯ ಪ್ರಶ್ನೆಗೆ ಪೂರ್ತಿ ಉತ್ತರವಲ್ಲ. ಅಲ್ಲಿ ಒಬ್ಬರು ಇನ್ನೊಬ್ಬರ ಕಡೆಗೆ ಬಂದರು, ಭೇದವೇ ಉಳಿಯಲಿಲ್ಲ. ಭೇದ ಉಳಿದೇ ಉಳಿಯುವ ಮನೆಗೆ ಹತ್ತಿರದ ನಿದರ್ಶನವೆಂದರೆ ಹೊಯ್ಸಳರ ಶಾಂತಲಾದೇವಿ. ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಗಂಡ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದವನು. ಆಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ನೆಲೆಗೊಳಿಸಿದಳು. ಅರಸಿ ತನ್ನ ಮತವನ್ನು ಬದಲಿಸಲಿಲ್ಲ. ಆದರೆ ಇನ್ನೊಂದನ್ನು ಗಮನಿಸಬೇಕು: ಆ ಅರಸ ಬಸದಿಯ ಬಾಗಿಲಿಗೆ ಬೀಗ ಹಾಕಲಿಲ್ಲ. 1133ರಲ್ಲಿ ಗಂಗರಾಜನ ಮಗ ಬೊಪ್ಪ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ತನ್ನ ವಿಜಯದ ನೆನಪಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟವನು ಅವನೇ. ಅಂತಃಪುರದ ಮತಭೇದ ಸಹ್ಯವಾದದ್ದು ಇಬ್ಬರೂ ಮೌನವಾಗಿದ್ದುದರಿಂದಲ್ಲ. ಒಬ್ಬರ ದೇವರಿಗೆ ಇನ್ನೊಬ್ಬರ ಅಧಿಕಾರ ಕೆಡುಕನ್ನು ಮಾಡಲಿಲ್ಲವಾದ್ದರಿಂದ. ಅಧಿಕಾರವಿದ್ದವನ ನಡತೆಯೇ ಇಲ್ಲಿ ಅಳತೆಗೋಲು. ಇಂದಿನ ಪ್ರಜೆಗೆ ಅಧಿಕಾರವೆಂದರೆ ಅವನ ಒಂದು ಮತಚೀಟಿ.

ಹಾಗಾದರೆ ಆ ಚಿಕಾಗೋದ ತರುಣ ಏನು ಮಾಡಬೇಕು? ಪಾಲುದಾರಿಕೆಗೆ ಇಳಿಯುವ ವರ್ತಕನು ಮೊದಲ ದಿನವೇ ಕರಾರುಪತ್ರವನ್ನು ಬರೆಯುತ್ತಾನೆ. ನಷ್ಟ ಬಂದ ಮೇಲೆ ಬರೆದ ಕರಾರನ್ನು ಯಾರೂ ಓದುವುದಿಲ್ಲ. ಒಲವಿನಲ್ಲಿಯೂ ಕೇಳಬೇಕಾದದ್ದನ್ನು ಮೊದಲೇ, ಭಾಷಾಸಮಿತಿಯ ಮಿತಿಯಲ್ಲಿ, ಹಿತವಾಗಿ ಮಿತವಾಗಿ ಕೇಳುವುದು ಲೇಸು: ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ನಿನ್ನವನೆಂದು ಹೇಳುವೆಯಾ? ನಿನ್ನ ಪಕ್ಷದ ಸಭೆಯಲ್ಲಿ ನನ್ನಂಥವರನ್ನು ಹೀಯಾಳಿಸಿದರೆ ಎದ್ದುಬರುವೆಯಾ? ಉತ್ತರ ಹೌದೆಂದಾದರೆ, ತೆರಿಗೆಯ ಜಗಳ ಮುಪ್ಪಿನವರೆಗೂ ನಡೆಯಲಿ. ಇಲ್ಲವೆಂದಾದರೆ ಅಗಲುವುದು ಅನೇಕಾಂತದ ಭಂಗವಲ್ಲ. ಅಗಲುವಾಗಲೂ ಕಷಾಯವಿಲ್ಲದೆ ಅಗಲುವುದು ಕಷ್ಟ. ಅದಕ್ಕೆ ಯಾವ ಗ್ರಂಥದಲ್ಲಿಯೂ ಸುಲಭೋಪಾಯವನ್ನು ಬರೆದಿಲ್ಲ.

ಬೆಳಗಾವಿಯ ತಂದೆತಾಯಿಗಳ ಪ್ರಶ್ನೆ ಇನ್ನೂ ಉಳಿದಿದೆ. ಮಗನು ಆ ಸ್ನೇಹಿತನನ್ನು ಮನೆಗೆ ಕರೆತರುವೆನೆಂದು ದೂರವಾಣಿಯಲ್ಲಿ ಹೇಳಿದಾಗ, ಅವರು ಬಹುಕಾಲ ಸುಮ್ಮನಿರಬಹುದು. ಆ ಮೌನದಲ್ಲಿ ಮಗನಿಗೆ ಕೇಳಿಸುವುದು ತಿರಸ್ಕಾರವೋ ಗೊಂದಲವೋ ಎಂಬುದು ಸಾವಿರಾರು ಮೈಲಿ ದೂರದಿಂದ ತಿಳಿಯುವಂಥದಲ್ಲ. ಅಮೆರಿಕದ ಮತದಾನ ನವೆಂಬರ್ ಮೊದಲ ವಾರದ ಆಸುಪಾಸಿನ ಮಂಗಳವಾರ ನಡೆಯುತ್ತದೆ. ಅದಕ್ಕೆ ಕೆಲವು ವಾರಗಳ ಮುಂಚೆ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂದಿರುತ್ತದೆ. ಮನೆಮನೆಗೆ ಹೋಗಿ, ಪತ್ರ ಬರೆದು, ಸಕಲ ಜೀವಿಗಳ ಕ್ಷಮೆ ಕೇಳುವ ಆ ದಿನ ತಾಯಿಯೊಬ್ಬಳು ಚಿಕಾಗೋದ ಆ ಸಂಖ್ಯೆಗೂ ಕರೆಮಾಡಿ, ಮೊದಲು ಮಗನೊಡನೆ ಮಾತಾಡಿ, ಅನಂತರ ‘ಆ ಹುಡುಗನಿಗೂ ಸ್ವಲ್ಪ ಕೊಡಪ್ಪ’ ಎಂದರೆ, ಅವನು ಯಾವ ಪಕ್ಷಕ್ಕೆ ಮತ ಹಾಕುತ್ತಾನೆಂಬುದನ್ನು ಆಕೆ ಕೇಳಲೇಬೇಕಾಗಿಲ್ಲ. ಊಟವಾಯಿತೇ ಎಂದು ಕೇಳಿದರೆ ಸಾಕಾಗುತ್ತದೆ.